ಥ್ಯಾಂಕ್ಸ್ ಹೇಳಿದ ಗಂಡ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ದೂರು ಒಂದೇ ಸಾಲಿನದು: ಮನೆಯಲ್ಲಿರುವ ಗಂಡ ನನ್ನ ಗಂಡನಲ್ಲ.

ಮದುವೆಯಾಗಿ ವರ್ಷ ತುಂಬುವುದರೊಳಗೆ ಅರ್ಧ ಊರಿಗೇ ಹಾಗನ್ನಿಸುತ್ತದೆ ಎನ್ನುವುದು ದಫೇದಾರರ ಅಭಿಪ್ರಾಯ. ನಿವೃತ್ತಿಗೆ ಹತ್ತಿರವಾಗಿದ್ದ, ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಹೆಡ್ ಕಾನ್‌ಸ್ಟೆಬಲ್ ಅವರು. ಅದನ್ನೇ ಹೇಳಲು ಬಾಯಿ ತೆರೆದವರು ದೂರುದಾರಳ ಮುಖ ಕಂಡದ್ದೇ ಕುರ್ಚಿಯಿಂದ ಎದ್ದು ನಿಂತರು. ಬಂದಿದ್ದವಳು ಗಾಳಿಯಣ್ಣನ ಹೆಂಡತಿ.

ಗಾಳಿಯಣ್ಣ ಯಾರೆಂದು ಆ ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ರೆಕ್ಕೆಯಿಲ್ಲದೆ ಹಾರುವವನು, ಉರುಳಿದ ಬಸ್ಸನ್ನು ಒಂಟಿ ಕೈಯಲ್ಲಿ ಎತ್ತಿ ನಿಲ್ಲಿಸುವವನು, ಮೈಲಿಯಾಚೆಯ ಗಡಿಯಾರದಲ್ಲಿ ಗಂಟೆ ನೋಡಿ ಹೇಳುವವನು. ಅವನ ಋಣದಲ್ಲಿಲ್ಲದ ಮನೆ ಹುಡುಕಿದರೂ ಸಿಗುವುದಿಲ್ಲ. ಠಾಣೆಯ ಇನ್‌ಸ್ಪೆಕ್ಟರ್ ಹೆಣ್ಣುಮಗಳು. ಸೇತುವೆ ಕುಸಿದ ದಿನ ಅವಳ ತಮ್ಮ ನದಿಯ ಪಾಲಾಗಬೇಕಿತ್ತು. ಈಗ ಅವನಿಗೆ ಇಬ್ಬರು ಮಕ್ಕಳು. ಆ ಮಕ್ಕಳು ಅತ್ತೆ ಎಂದು ಕರೆದಾಗಲೆಲ್ಲ ಅವಳು ಮನಸ್ಸಿನಲ್ಲೇ ಗಾಳಿಯಣ್ಣನಿಗೆ ಕೈಮುಗಿಯುತ್ತಿದ್ದಳು.

“ಯಾವತ್ತಿಂದ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದಳು.

“ಎಂಟು ದಿನ ಆಯ್ತು. ಹೋದ ಭಾನುವಾರದಿಂದ.”

“ಏನು ಮಾಡಿದ್ರು?”

“ಕಾಫಿ ಕೊಟ್ಟೆ. ಥ್ಯಾಂಕ್ಸ್ ಅಂದ್ರು.”

ಇನ್‌ಸ್ಪೆಕ್ಟರ್ ಕೈಯ ಪೆನ್ನು ನಿಂತಿತು. “ಆಮೇಲೆ?”

“ಆಮೇಲೇನು ಮೇಡಂ? ಮದುವೆಯಾಗಿ ಇಪ್ಪತ್ತೆರಡು ವರ್ಷ. ಒಂದಿನಾನೂ ಅಂದಿದ್ದಿಲ್ಲ, ನಾನೂ ಅಂದಿಲ್ಲ. ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ? ಲೆಕ್ಕ ಚುಕ್ತಾ ಮಾಡಿ ಎದ್ದು ಹೋದ ಹಾಗಾಗಲ್ವಾ? ಇವನು ಕಾಫಿಗೆ ಹೇಳ್ತಾನೆ, ಊಟಕ್ಕೆ ಹೇಳ್ತಾನೆ, ಟವೆಲ್ ಕೊಟ್ರೆ ಹೇಳ್ತಾನೆ. ಮೊನ್ನೆ ಸುಮ್ನೆ ಎದುರಿಗೆ ಕೂತಿದ್ದಕ್ಕೂ ಹೇಳಿದ.”

ದಫೇದಾರರು ಬಗ್ಗಿ ಇನ್‌ಸ್ಪೆಕ್ಟರ್ ಕಿವಿಯಲ್ಲಿ ಉಸುರಿದರು. “ಮೇಡಂ, ಥ್ಯಾಂಕ್ಸ್ ಹೇಳಿದ್ದಕ್ಕೆ ಯಾವ ಸೆಕ್ಷನ್ ಹಾಕೋದು?”

ಹೆಂಡತಿಗೆ ಅದು ಕೇಳಿಸಿತು. ಅವಳದು ಕನ್ನಡಕದ ಅಂಗಡಿ. ದಿನವಿಡೀ ಜನರ ಮುಖ ನೋಡುವುದೇ ಕೆಲಸ. “ನಗಬೇಡಿ. ಪೇಪರ್ ಓದ್ತಾ ಕೂತಿದ್ದಾಗ ಎರಡು ಕಣ್ಣಿನ ನಡುವಿನ ಅಂತರ ನೋಟದಲ್ಲೇ ಅಳೆದೆ. ನಮ್ಮವರದ್ದೇ ಅಳತೆ. ಗದ್ದದ ಮಚ್ಚೆ, ಗೊರಕೆ ಎಲ್ಲ ಅದೇ. ಆದ್ರೆ ಪೇಪರ್‌ನ ಮೂಗಿಗೆ ತಾಗೋ ಹಾಗೆ ಹಿಡ್ಕೋತಾನೆ. ಮೂಗಿನ ಎರಡೂ ಕಡೆ ಕನ್ನಡಕದ ಅಚ್ಚಿದೆ. ನಮ್ಮವರು ಜನ್ಮದಲ್ಲಿ ಕನ್ನಡಕ ಹಾಕಿದೋರಲ್ಲ.”

“ಇದನ್ನ ಮೊದಲೇ ಹೇಳಬಾರದಾ?”

“ಅಚ್ಚು ಕಂಡಿದ್ದು ಆಮೇಲೆ ಮೇಡಂ. ಮೊದಲು ಗೊತ್ತಾಗಿದ್ದು ಥ್ಯಾಂಕ್ಸ್‌ನಿಂದಲೇ.” ಅವಳ ದನಿ ಅಲ್ಲಿಯವರೆಗೆ ಗಟ್ಟಿಯಿತ್ತು. “ಅವನು ಯಾರಾದ್ರೂ ಆಗಿರಲಿ. ನಮ್ಮವರು ಎಲ್ಲಿದ್ದಾರೆ, ಬದುಕಿದ್ದಾರಾ, ಅಷ್ಟು ಹುಡುಕಿಕೊಡಿ.”

ಪಕ್ಕದ ಲೋಕವೊಂದು ಇದೆ ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಇಲ್ಲಿರುವವರೇ ಅಲ್ಲೂ ಇದ್ದಾರೆ, ಬೇರೆ ಬೇರೆ ಕಸುಬು ಹಿಡಿದುಕೊಂಡು, ಬೇರೆ ಬೇರೆ ಹಣೆಬರಹ ಹೊತ್ತುಕೊಂಡು. ನಡುವೆ ಅಪರೂಪಕ್ಕೆ ಒಂದು ಸಂದು ತೆರೆದುಕೊಳ್ಳುತ್ತದೆ. ಕಂಡ ಸಂದನ್ನು ಸರ್ಕಾರ ಗೋಡೆ ಕಟ್ಟಿ ಮುಚ್ಚಿಸುತ್ತದೆ. ತಮ್ಮ ಜೋಡಿ ಅಲ್ಲಿ ಮಂತ್ರಿಯಾಗಿದ್ದಾನೆಂದು ಯಾರೋ ಹೇಳಿದಂದಿನಿಂದ ದಫೇದಾರರಿಗೆ ಆ ಲೋಕದ ಬಗ್ಗೆ ವಿಶೇಷ ಗೌರವ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು: ವ್ಯಕ್ತಿ ನಾಪತ್ತೆ, ಮತ್ತು ಸೋಗು ಹಾಕಿ ವಂಚನೆ. ಹನ್ನೆರಡಕ್ಕೆ ಮೇಲಧಿಕಾರಿಯ ಫೋನ್ ಬಂತು.

“ಗಾಳಿಯಣ್ಣನ ಮೇಲೆ ಕೇಸಾ? ತಲೆ ನೆಟ್ಟಗಿದೆಯೇನಮ್ಮಾ?”

“ಅವರ ಮೇಲಲ್ಲ ಸಾರ್. ಅವರು ಕಾಣ್ತಿಲ್ಲ ಅನ್ನೋದಕ್ಕೆ.”

“ಅವರು ಮನೇಲೇ ಇದಾರಲ್ಲ!”

“ಅದೇ ಸಾರ್ ಕೇಸು.”

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಠಾಣೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಜೆ ಇನ್‌ಸ್ಪೆಕ್ಟರ್ ತಾನೇ ಹೊರಟಳು, ದಫೇದಾರರನ್ನು ಕರೆದುಕೊಂಡು.

ಹಳೆಯ ನಾಲ್ಕು ಮಹಡಿಯ ಕಟ್ಟಡ. ಕೆಳಗೆ ಕನ್ನಡಕದ ಅಂಗಡಿ, ತುದಿಯಲ್ಲಿ ಗಾಳಿಯಣ್ಣನ ಮನೆ. ಲಿಫ್ಟಿನ ಬಾಗಿಲಿಗೆ ‘ಕೆಟ್ಟಿದೆ’ ಎಂಬ ರಟ್ಟು ತೂಗುತ್ತಿತ್ತು. ಮೆಟ್ಟಿಲಿನ ಟ್ಯೂಬ್‌ಲೈಟು ಹತ್ತಿಕೊಳ್ಳುತ್ತ ಆರುತ್ತ ಇತ್ತು, ಗೋಡೆಯ ತುಂಬ ಮಳೆನೀರಿನ ಕಲೆ. ದಫೇದಾರರು ಪ್ರತಿ ಮಹಡಿಯಲ್ಲೂ ನಿಂತು ಇಲಾಖೆಯನ್ನು ಬೈದರು.

ಬಾಗಿಲು ತೆರೆದವನು ನಿಸ್ಸಂಶಯವಾಗಿ ಗಾಳಿಯಣ್ಣ. ಅದೇ ಹೆಗಲು, ಪೋಸ್ಟರುಗಳಲ್ಲಿ ಕಾಣುವ ಅದೇ ಗದ್ದ. ಕುರ್ಚಿ ಎಳೆದು ಕೊಟ್ಟ, ನೀರು ತಂದ. “ಈ ವಯಸ್ಸಲ್ಲಿ ಇಷ್ಟು ಮೆಟ್ಟಿಲು ಹತ್ತಿ ಬಂದ್ರಲ್ಲ, ಥ್ಯಾಂಕ್ಸ್,” ಎಂದು ದಫೇದಾರರಿಗೆ ಹೇಳಿದ. ಮೂವತ್ತು ವರ್ಷದ ಸೇವೆಯಲ್ಲಿ ಆ ಮಾತು ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

“ಒಂದು ವಾರದಿಂದ ಹಾರಿಲ್ಲ,” ಎಂದಳು ಇನ್‌ಸ್ಪೆಕ್ಟರ್.

“ಬೆನ್ನು ಹಿಡ್ಕೊಂಡಿದೆ.”

“ಡಾಕ್ಟರಿಗೆ ತೋರಿಸಿದ್ರಾ?”

“ಇಲ್ಲ. ಹಾಲ್‌ನಲ್ಲಿ ನೆಲದ ಮೇಲೆ ಮಲಗ್ತೀನಿ. ವಾಸಿಯಾಗುತ್ತೆ.”

ಇನ್‌ಸ್ಪೆಕ್ಟರ್ ಮನೆಯ ಮೇಲೆ ಕಣ್ಣಾಡಿಸಿದಳು. ಅಡುಗೆಮನೆಯ ನಲ್ಲಿಗೆ ಹೊಸ ವಾಷರು. ಕಿಟಕಿಯ ಚಿಲಕಕ್ಕೆ ಹೊಸ ಸ್ಕ್ರೂ. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಊರು ಕಾಯುವ ಗಂಡಸಿನ ಮನೆಯಲ್ಲಿ ನಲ್ಲಿ ಸೋರಬೇಕು, ಅದು ಲೋಕರೂಢಿ. ಇವನ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು ಕೂತಿತ್ತು. ವಾರಗಟ್ಟಲೆ ಸೋಪು ಹಾಕಿ ಉಜ್ಜಿದರೂ ಹೋಗದ, ವರ್ಷಾನುಗಟ್ಟಲೆಯ ಗ್ರೀಸು.

ಇಳಿದು ಬರುವಾಗ ಅವಳು ಲಿಫ್ಟಿನ ಮುಂದೆ ನಿಂತಳು. ಕಟ್ಟಡದ ಕಾವಲುಗಾರ ಅಲ್ಲೇ ಸ್ಟೂಲಿನ ಮೇಲಿದ್ದ.

“ಯಾವಾಗಿಂದ ಕೆಟ್ಟಿದೆ?”

“ಎಂಟು ದಿನದ ಹಿಂದೆ, ಭಾನುವಾರ ಸಾಯಂಕಾಲದಿಂದ.”

“ರಿಪೇರಿಯವರಿಗೆ ಫೋನ್ ಮಾಡಿದ್ದು ಯಾರು?”

ಕಾವಲುಗಾರ ತಲೆ ಕೆರೆದುಕೊಂಡ. “ಬೋರ್ಡ್ ತೂಗುಹಾಕಿದ್ದಾರಲ್ಲ, ಮಾಡಿರ್ತಾರೆ ಅಂದ್ಕೊಂಡೆ.”

ಫೋನನ್ನು ಯಾರೂ ಮಾಡಿರಲಿಲ್ಲ. ತಾರಸಿಯ ಮೋಟಾರು ಕೋಣೆಯಲ್ಲಿ ಇಬ್ಬರು ಪಂಚ ಸಾಕ್ಷಿಗಳ ಮುಂದೆ ನಿಯಂತ್ರಣದ ಪೆಟ್ಟಿಗೆ ತೆರೆಸಿದರು. ಒಳಗಿನ ಸರ್ಕ್ಯೂಟ್ ಕಾರ್ಡು ಇರಲಿಲ್ಲ. ಅದನ್ನು ಕಿತ್ತಿರಲಿಲ್ಲ, ನಾಜೂಕಾಗಿ ಬಿಚ್ಚಿದ್ದರು. ತೆಗೆದ ಸ್ಕ್ರೂಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಅಲ್ಲೇ ಇಟ್ಟಿದ್ದರು. ದಫೇದಾರರು ಪಂಚನಾಮೆ ಬರೆಯುತ್ತ ಹೇಳಿದರು: “ಕಳ್ಳ ಸ್ಕ್ರೂ ಕಟ್ಟಿಡಲ್ಲ ಮೇಡಂ. ಇದು ಕಸುಬು ಗೊತ್ತಿರೋನ ಕೈ.”

ಮರುದಿನ ಬೆಳಿಗ್ಗೆ ಅವನನ್ನು ಹೆಂಡತಿಯ ಅಂಗಡಿಗೆ ಕರೆಸಿದರು. ಗಿರಾಕಿಗಳು ಕೂರುವ ಎತ್ತರದ ಕುರ್ಚಿಯಲ್ಲಿ ಕೂರಿಸಿ, ರಸ್ತೆಯ ಆಚೆಬದಿಯ ಫುಟ್‌ಪಾತಿನಲ್ಲಿ ದಫೇದಾರರನ್ನು ನಿಲ್ಲಿಸಿದ್ದಳು ಇನ್‌ಸ್ಪೆಕ್ಟರ್. ಅವರ ಕೈಯಲ್ಲಿ ದಪ್ಪ ಅಕ್ಷರದ ಒಂದು ರಟ್ಟು.

“ಏನು ಬರೆದಿದೆ, ಓದಿ.”

ಅವನು ಕಣ್ಣು ಕಿರಿದು ಮಾಡಿದ. “ಧೂಳು ಬಿದ್ದಿದೆ ಕಣ್ಣಿಗೆ.”

“ಒರೆಸ್ಕೊಂಡು ಓದಿ. ಮೈಲಿಯಾಚೆಯ ಗಡಿಯಾರ ನೋಡೋರು ನೀವು.”

“ಅದು… ಅಂಗಡಿ ಜಾಹೀರಾತಲ್ವಾ? ರಿಯಾಯಿತಿ ಅಂತ…”

ಇನ್‌ಸ್ಪೆಕ್ಟರ್ ಕೈಸನ್ನೆ ಮಾಡಿದಳು. ದಫೇದಾರರು ರಸ್ತೆ ದಾಟಿ ಬಂದು ರಟ್ಟನ್ನು ಅವನ ಮೂಗಿನ ಮುಂದೆ ಹಿಡಿದರು. ‘ನೀನು ಗಾಳಿಯಣ್ಣ ಅಲ್ಲ ಅಂತ ಗೊತ್ತಾಗಿದೆ, ಒಪ್ಕೊಂಡುಬಿಡಪ್ಪ’ ಎಂದಿತ್ತು. ಬರಹ ದಫೇದಾರರದೇ, ‘ಅಪ್ಪ’ ಎನ್ನುವುದೂ ಅವರೇ ಸೇರಿಸಿದ್ದು.

ಅವನು ಓದಿಕೊಂಡ. ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಸುಸ್ತು ಕಂಡಿತು. “ಹೌದು,” ಎಂದ.

“ಕೆಲಸ?”

“ಲಿಫ್ಟ್ ಮೆಕ್ಯಾನಿಕ್. ಆಚೆ ಕಡೆ.”

“ಬಂದಿದ್ದು ಹೇಗೆ?”

“ಅಲ್ಲೂ ಇದೇ ಕಟ್ಟಡ ಇದೆ, ಇದೇ ಲಿಫ್ಟು. ಒಂದಿನ ಮೂರನೇ ನಾಲ್ಕನೇ ಮಹಡಿ ಮಧ್ಯೆ ಸಿಕ್ಕಾಕ್ಕೊಂಡೆ. ಬಾಗಿಲು ಬಿಚ್ಚಿದ್ರೆ ಗೋಡೆ ಇರ್ಬೇಕಾದ ಕಡೆ ನಿಮ್ಮ ಮೆಟ್ಟಿಲಿತ್ತು. ಇಳಿದು ಬಂದೆ. ಗಾಜಿನ ಹಿಂದೆ ಇವರು ಲೆನ್ಸ್ ಒರೆಸ್ತಾ ನಿಂತಿದ್ರು.” ಅವನು ಹೆಂಡತಿಯತ್ತ ನೋಡಲಿಲ್ಲ. “ಅಲ್ಲಿ ಇವರು ತೀರಿಕೊಂಡು ಹನ್ನೆರಡು ವರ್ಷ ಆಯ್ತು.”

ಇನ್‌ಸ್ಪೆಕ್ಟರ್ ನೋಟ್‌ಬುಕ್ಕಿನ ಪುಟ ತಿರುವಿದಳು.

“ಗಾಳಿಯಣ್ಣ ಎಲ್ಲಿ?”

“ಆವತ್ತು ನೋಡ್ಕೊಂಡು ವಾಪಸ್ ಹೋದೆ. ಆ ಭಾನುವಾರ ನಮ್ಮ ಕಡೆ ಸುರಂಗ ಕುಸೀತು. ಒಳಗೆ ನಲವತ್ತು ಜನ. ಹಾರೋರು, ಎತ್ತೋರು ನಮ್ಮಲ್ಲಿಲ್ಲ. ಬಂದು ಗಾಳಿಯಣ್ಣನವರ ಕಾಲು ಹಿಡ್ಕೊಂಡೆ. ಚಪ್ಪಲಿನೂ ಹಾಕ್ಕೊಳ್ಳದೆ ಲಿಫ್ಟಿನ ಸಂದಿನಿಂದ ಆಚೆ ಹೊರಟುಬಿಟ್ರು. ಅವರು ಬರೋ ತನಕ ಮಾತ್ರ ಅಂತ ಮೇಲೆ ಹೋದೆ. ಇವರು ಕಾಫಿ ಕೊಟ್ರು. ಆಮೇಲೆ… ಕಾರ್ಡ್ ಬಿಚ್ಚಿಬಿಟ್ಟೆ. ಲಿಫ್ಟು ನಡೆಯದಿದ್ರೆ ಸಂದು ತೆರೆಯಲ್ಲ.”

ಹೆಂಡತಿ ಕೌಂಟರಿನ ಅಂಚು ಹಿಡಿದುಕೊಂಡಿದ್ದಳು. “ಬದುಕಿದ್ದಾರಾ?”

“ಗೊತ್ತಿಲ್ಲಮ್ಮ.”

ಕಾರ್ಡು ಅಡುಗೆಮನೆಯ ಅಟ್ಟದ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟದ್ದು ಸಿಕ್ಕಿತು. ಅವನ ಕೈಯಿಂದಲೇ ಅದನ್ನು ಕೂರಿಸಿದರು. ಇನ್‌ಸ್ಪೆಕ್ಟರ್, ಹೆಂಡತಿ ಮತ್ತು ಅವನು ಒಳಗೆ ನಿಂತರು. ಇಡೀ ಠಾಣೆಯ ತೂಕದ ದಫೇದಾರರನ್ನು ಹೊರಗೇ ಬಿಟ್ಟರು. ಲಿಫ್ಟು ನರಳುತ್ತ ಏರಿತು. ಮೂರನೆಯ ಮಹಡಿ ದಾಟಿದ ಮೇಲೆ ಅವನು ಗುಂಡಿ ಒತ್ತಿ ನಿಲ್ಲಿಸಿದ. ಇನ್‌ಸ್ಪೆಕ್ಟರಿಗೆ ತಮ್ಮನ ಮಕ್ಕಳ ಮುಖ ಕಣ್ಣಮುಂದೆ ಬಂತು. ದೇವರೇ, ಆ ಮನುಷ್ಯನನ್ನು ಉಳಿಸಿರು ಎಂದು ಬೇಡಿಕೊಂಡಳು. ಪಂಚನಾಮೆಯಲ್ಲಿ ಬರೆಯುವ ಮಾತಲ್ಲ ಅದು.

ಬಾಗಿಲನ್ನು ಕೈಯಿಂದ ಎಳೆದು ತೆರೆದಾಗ ಆಚೆ ಒಂದು ಮೊಗಸಾಲೆಯಿತ್ತು. ನೆಲದ ಮೇಲೆ ತಟ್ಟೆಗಳು, ನೀರಿನ ಬಾಟಲಿಗಳು, ಯಾರೋ ಹೊದಿಸಿದ ಕಂಬಳಿ. ಅದರೊಳಗೆ ಗೋಡೆಗೊರಗಿ, ತಲೆಯಿಂದ ಬರಿಗಾಲಿನವರೆಗೆ ಸಿಮೆಂಟು ಧೂಳು ಮೆತ್ತಿಕೊಂಡು ಒಬ್ಬ ಕೂತಿದ್ದ. ಬಸ್ಸು ಎತ್ತುವವನಿಗೆ ಈ ಬಾಗಿಲು ಮಾತ್ರ ಬಗ್ಗಿರಲಿಲ್ಲ. ಎಷ್ಟು ಸಲ ತೆರೆದರೂ ಕಂಡದ್ದು ಬರಿಯ ಇಟ್ಟಿಗೆ. ಸುರಂಗದಿಂದ ಹೊರಬಂದವರ ಮನೆಮಂದಿ ಸರದಿಯ ಮೇಲೆ ಊಟ ತಂದುಕೊಟ್ಟು ಅವನೊಡನೆ ಕಾದಿದ್ದರು.

ಅವನು ಕಣ್ಣು ತೆರೆದು ಹೆಂಡತಿಯನ್ನು ನೋಡಿದ.

“ಅಂಗಡಿ ಯಾರು ನೋಡ್ಕೋತಿದ್ದಾರೆ?”

“ಇವರೇ ಮೇಡಂ,” ಎಂದಳು ಅವಳು. “ಅನುಮಾನವೇ ಬೇಡ, ಇವರೇ.” ಎಂದವಳು ಅಲ್ಲೇ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಗಾಳಿಯಣ್ಣ ಏನೂ ತೋಚದೆ ಅವಳ ತಲೆಯ ಮೇಲೆ ಧೂಳಿನ ಕೈ ಇಟ್ಟ.

ಮಧ್ಯಾಹ್ನ ಮೂರಕ್ಕೆ ಮೆಕ್ಯಾನಿಕ್ಕನನ್ನು ಬಂಧಿಸಲಾಯಿತು. ಸೋಗು, ವಂಚನೆ, ಅಕ್ರಮ ತಡೆ. ಹೇಳಿಕೆ ಕೊಡಲು ಠಾಣೆಗೆ ಬಂದ ಗಾಳಿಯಣ್ಣ, “ಸುರಂಗದ ವಿಷಯ ಅವನು ಸುಳ್ಳು ಹೇಳಿರಲಿಲ್ಲ,” ಎಂದ. “ನಲವತ್ತು ಜನಾನೂ ಹೊರಗೆ ಬಂದ್ರು. ಅವನು ಕರೀದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಅದನ್ನೂ ಬರ್ಕೊಳ್ಳಿ.” ಇನ್‌ಸ್ಪೆಕ್ಟರ್ ಬರೆದುಕೊಂಡಳು. ತಮ್ಮನ ವಿಷಯ ಹೇಳಬೇಕೆಂದು ವರ್ಷಗಳಿಂದ ಅಂದುಕೊಂಡಿದ್ದನ್ನು ಅಂದು ಹೇಳಿಯೂಬಿಟ್ಟಳು. ಗಾಳಿಯಣ್ಣ ನಾಚಿಕೊಂಡು ಗೋಡೆಯ ಕ್ಯಾಲೆಂಡರು ನೋಡಿದ.

ಮರುದಿನ ಮೆಕ್ಯಾನಿಕ್ಕನನ್ನು ಕೋರ್ಟಿಗೆ ಕರೆದೊಯ್ಯುವ ಮುಂಚೆ ಹೆಂಡತಿ ಬಂದಳು. ಕೈಯಲ್ಲೊಂದು ಕನ್ನಡಕ.

“ಇವನ ಕಣ್ಣಿಗೆ ಎಷ್ಟು ಬೇಕು ಅಂತ ಅಂದಾಜು ಮಾಡಿ ಮಾಡಿದೀನಿ. ಕೊಡಬಹುದಾ ಮೇಡಂ?”

ಇನ್‌ಸ್ಪೆಕ್ಟರ್ ತಲೆಯಾಡಿಸಿದಳು. ಅವನು ಕಂಬಿಯ ಹಿಂದೆ ಕನ್ನಡಕ ಹಾಕಿಕೊಂಡ. ಒಂದು ವಾರ ಆ ಮನೆಯಲ್ಲಿದ್ದವನು ಅವಳನ್ನು ಸ್ಪಷ್ಟವಾಗಿ ನೋಡಿದ್ದು ಆಗಲೇ. ಕಣ್ಣಿನ ಸುತ್ತಲ ಗೆರೆ, ಬೈತಲೆಯ ಪಕ್ಕದ ನರೆ, ಸ್ವಲ್ಪ ಇಳಿದ ಕೆನ್ನೆ, ಒಂದೊಂದನ್ನೂ ನೋಡಿದ.

“ನೀವು ಅವಳಲ್ಲ,” ಎಂದ ಮೆಲ್ಲಗೆ. “ಅವಳಿಗೆ ಒಂದು ಬಿಳಿ ಕೂದಲೂ ಬಂದಿರಲಿಲ್ಲ. ಇದ್ದಿದ್ರೆ ಹೀಗೇ ಕಾಣ್ತಿದ್ದಳೇನೋ. ನೋಡೋ ಹಾಗಾಯ್ತಲ್ಲ.”

“ನೀವು ಆ ಒಂದು ವಾರ ನನಗೆ ಹೇಳಿದ ಥ್ಯಾಂಕ್ಸ್‌ನ ವಾಪಸ್ ಕೊಡಲ್ಲ,” ಎಂದಳು ಅವಳು. “ಇಪ್ಪತ್ತೆರಡು ವರ್ಷ ಕಾಫಿ ಮಾಡಿದೀನಿ, ಅದು ನನ್ನದೇ. ನಿಮ್ಮ ಹೆಂಡತಿಗೆ ಹೇಳೋದು ಇನ್ನೂ ಬಾಕಿ ಇದೆ. ಶಿಕ್ಷೆ ಮುಗಿಸ್ಕೊಂಡು ಊರಿಗೆ ಹೋಗಿ ಹೇಳಿ. ಕೇಳಿಸ್ದೇ ಇದ್ರೂ ಹೇಳಿ.”

ಅವನು ಕನ್ನಡಕ ತೆಗೆಯದೆಯೇ ಕಣ್ಣೊರೆಸಿಕೊಳ್ಳಲು ಹೋಗಿ ಗಾಜೆಲ್ಲ ಮಸುಕು ಮಾಡಿಕೊಂಡ. ದಫೇದಾರರು ಬೈಯುತ್ತ ತಮ್ಮ ಕರ್ಚೀಫು ಕೊಟ್ಟರು.

ವ್ಯಾನು ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದಳು. ಕೃತ್ಯಕ್ಕೆ ಕಾರಣ ಎನ್ನುವಲ್ಲಿ ಸಾಮಾನ್ಯವಾಗಿ ಹಣ, ದ್ವೇಷ, ಹೆಣ್ಣು ಎಂದು ಒಂದೇ ಪದ ಬರೆದು ಮುಗಿಸುತ್ತಾರೆ. ಅವಳು ಯೋಚಿಸಿ, ಇಲಾಖೆಯ ಭಾಷೆಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಬರೆದಳು: ಆರೋಪಿಯ ಹೆಂಡತಿ ಮೃತಳಾಗಿರುತ್ತಾಳೆ. ಅವಳು ಬದುಕಿದ್ದಾಗ ಆರೋಪಿಯು ಅವಳಿಗೆ ಹೇಳಬಹುದಾಗಿದ್ದ ಒಂದು ಮಾತನ್ನು ಹೇಳಿರುವುದಿಲ್ಲ.