ಪಾದ ಎತ್ತಿ ನೋಡೋಣ

ಸೊಸೆಗೆ ದಿನ ತುಂಬುತ್ತಿರುವಾಗ ಮಗನನ್ನು ಜೈಲಿಗೆ ಕಳಿಸಲು ಯಾವ ಅಪ್ಪನಿಗೆ ಮನಸ್ಸು ಬಂದೀತು? ಮಗ ಓಡಿಸುತ್ತಿದ್ದ ವ್ಯಾನಿಗೆ ಸಿಕ್ಕಿ ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನವನು ಸತ್ತಿದ್ದ. ನೋಡಿದವರು ಯಾರೂ ಇರಲಿಲ್ಲ. ಮನೆ ಬಾಗಿಲಲ್ಲೇ ಕುಸಿದ ಮಗ ಏನೋ ಹೇಳಹೊರಟಾಗ ಅಪ್ಪ ತಡೆದ.

"ಏನೂ ಹೇಳ್ಬೇಡ ಕಣೋ. ಗೊತ್ತಿಲ್ಲದ್ದು ನನ್ನ ಬಾಯಿಂದ ಜಾರಲ್ಲ. ಗಾಡಿ ಓಡಿಸಿದ್ದು ನಾನು, ಅಷ್ಟೇ."

"ಬೇಡಪ್ಪಾ, ಕೇಳು…"

ಅಪ್ಪ ಕೇಳಲಿಲ್ಲ. ಹಿಂದೊಮ್ಮೆ ಏಣಿಯಿಂದ ಬಿದ್ದು ಅವನ ಬಲಪಾದ ಸೋತುಹೋಗಿತ್ತು. ಅದು ಪೂರ್ತಿ ಸರಿಹೋಗಿದ್ದು ಅವನೊಬ್ಬನಿಗೇ ಗೊತ್ತು. ಸೊಸೆಯ ಉಪಚಾರದ ರುಚಿ ಹತ್ತಿ, ಕುಂಟುವುದನ್ನು ಮಾತ್ರ ಬಿಟ್ಟಿರಲಿಲ್ಲ. ಈಗ ಆ ಕಳ್ಳಾಟ ಉಪಯೋಗಕ್ಕೆ ಬಂತು. ಪಾದ ಬ್ರೇಕಿಗೆ ಬರಲೇ ಇಲ್ಲ ಎಂದು ಸ್ಟೇಷನ್ನಿನಲ್ಲಿ ಬರೆಸಿದ. ಕಾಲು ಕೈಕೊಟ್ಟ ಮುದುಕನ ಮೇಲೆ ಯಾವ ಜಡ್ಜಿಗೂ ಕನಿಕರ ಹುಟ್ಟಬೇಕು. ಇನ್ಸ್‌ಪೆಕ್ಟರು ಅವನನ್ನು ಪರೀಕ್ಷೆಗೆಂದು ಆಸ್ಪತ್ರೆಗೆ ಕಳಿಸಿದರು.

ಫಿಸಿಯೋಥೆರಪಿಯ ಹುಡುಗಿ ಅವನನ್ನು ಎತ್ತರದ ಮಂಚದ ಮೇಲೆ ಕೂರಿಸಿ, ಚೆನ್ನಾಗಿದ್ದ ಎಡಗಾಲನ್ನು ಮೊದಲು ನೋಡಿದಳು. ಅದು ಹೇಳಿದಂತೆ ಕುಣಿಯಿತು.

"ಈಗ ಬಲಗಾಲು. ನಾನು ಮುಟ್ಟಲ್ಲ ಅಂಕಲ್, ನೀವೇ ಪಾದ ಮೇಲೆತ್ತಿ."

ಅವನು ಹಲ್ಲು ಕಚ್ಚಿದ, ಕತ್ತಿನ ನರ ಉಬ್ಬಿಸಿದ. ಪಾದ ಮಾತ್ರ ಅಲುಗಲಿಲ್ಲ. ಎಲ್ಲ ಶ್ರಮವನ್ನೂ ಮುಖಕ್ಕೆ ಕಳಿಸಿ ಪಾದವನ್ನು ಸತ್ತಂತೆ ಬಿಡುವುದನ್ನು ಮನೆಯಲ್ಲಿ ಬಹಳ ಅಭ್ಯಾಸ ಮಾಡಿದ್ದ. ಅವಳು ತಾನೇ ಹಿಡಿದು ಎತ್ತಿದಾಗ ಪಾದ ಮೆತ್ತಗೆ ಬಂತು, ಬಿಟ್ಟಾಗ ಬಿತ್ತು.

"ಹೋಗ್ಲಿ, ನನ್ನ ಕೈನ ಕೆಳಗೆ ಒತ್ತಿ."

ಒತ್ತಬಹುದಿತ್ತು. ಆದರೆ ಕೆಲಸ ಅರೆಬರೆ ಆಗಬಾರದೆಂದು ಅದನ್ನೂ ಮಾಡಲಿಲ್ಲ. ಒಳಗೂ ತಿರುಗಿಸಲಿಲ್ಲ, ಹೊರಗೂ ತಿರುಗಿಸಲಿಲ್ಲ. ಅವಳು ಮರುಗಿ ತಾನೇ ಚಪ್ಪಲಿ ತೊಡಿಸಿದಳು. ಅವನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು.

ಮರುದಿನ ಇನ್ಸ್‌ಪೆಕ್ಟರು ವರದಿ ಓದಿ ಮೆಲ್ಲಗೆ ಹೇಳಿದರು: "ಯಜಮಾನ್ರೇ, ರಸ್ತೆ ಮೇಲೆ ಉದ್ದಕ್ಕೂ ಟೈರು ಉಜ್ಜಿದ ಗುರುತಿದೆ. ಓಡಿಸ್ತಿದ್ದವನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕ್ ತುಳಿದಿದ್ದಾನೆ. ನಿಮ್ಮ ಕಾಲಲ್ಲಿ ಅದು ಆಗೋ ಮಾತಲ್ಲ. ಮಗ ಮನೇಲಿದ್ದಾನಾ?" ಅಪ್ಪನ ಎದೆ ಒಡೆಯಿತು. ಹಾಲಿನವನನ್ನು ಉಳಿಸಲು ಮಗ ಅಷ್ಟು ಹೆಣಗಾಡಿದ್ದನೇ? ಅವನು ಚಪ್ಪಲಿ ಕಳಚಿ ಬಲಪಾದವನ್ನು ಮೇಲೆತ್ತಿದ, ಕೆಳಗೊತ್ತಿದ, ಮತ್ತೆ ಎತ್ತಿದ. "ಬರುತ್ತೆ ಸಾರ್, ನೋಡಿ, ಚೆನ್ನಾಗೇ ಬರುತ್ತೆ," ಎಂದು ಮಗುವಿನಂತೆ ಅತ್ತ. ಇನ್ಸ್‌ಪೆಕ್ಟರು ಆಗಲೇ ಜೀಪಿನ ಕಡೆ ನಡೆದಿದ್ದರು.