ಸಾವಿರ ಕಿಲೋಮೀಟರಿಗೆ ಮೊದಲ ಎಣ್ಣೆ

“ಕೈ ತೆಗೀರಿ. ಹೊಸ ಇಂಜಿನ್‌ನ ಹೀಗೆ ಅರಚಿಸಬಾರದು.”

ಷೋರೂಮಿನ ಬಾಗಿಲಲ್ಲೇ ಮೆಕ್ಯಾನಿಕ್ ಕೀಲಿ ತಿರುಗಿಸಿ ಸ್ಕೂಟರ್ ಆರಿಸಿಬಿಟ್ಟ. ಅವಳಿಗೆ ಮೈಯೆಲ್ಲ ಉರಿಯಿತು. ಹತ್ತು ವರ್ಷ ಊರಿನವರ ಬಟ್ಟೆ ಹೊಲಿದು ತಾನೇ ಕೊಂಡ ಮೊದಲ ಗಾಡಿ. ಅದರ ಮೇಲೆ ಇವನದೇನು ಯಜಮಾನಿಕೆ?

“ನನ್ನ ಗಾಡಿ ರೀ ಇದು.”

“ನಿಮ್ದೇ ಮೇಡಂ. ಅದಕ್ಕೇ ಹೇಳ್ತಿರೋದು.” ಅವನು ಸಿಟ್ಟಾಗಲಿಲ್ಲ. “ಒಳಗಿರೋದೆಲ್ಲ ಒಂದಕ್ಕೊಂದು ಉಜ್ಜಿ ಹೊಂದ್ಕೊಳ್ಳೋವರೆಗೂ ಲೋಹದ ಪುಡಿ ಎಣ್ಣೆಗೆ ಬೀಳ್ತಾ ಇರುತ್ತೆ. ಅದಕ್ಕೆ ಮೊದಲ ಎಣ್ಣೆ ಬೇಗ ಬದಲಾಯಿಸ್ಬೇಕು. ಸಾವಿರ ಕಿಲೋಮೀಟರ್, ಇಲ್ಲ ಎರಡು ತಿಂಗಳು. ಯಾವುದು ಮೊದಲೋ ಅವತ್ತು ಬನ್ನಿ. ನಾನೇ ಮಾಡ್ಕೊಡ್ತೀನಿ.”

‘ನಾನೇ’ ಅಂದನಲ್ಲ... ಅವಳ ಸಿಟ್ಟು ಇಳಿದು, ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಮನೆಯಿಂದ ಅವಳ ಹೊಲಿಗೆ ಅಂಗಡಿಗೆ ಒಂದೂವರೆ ಕಿಲೋಮೀಟರ್. ಹೋಗಿ ಬಂದರೆ ಮೂರು. ಹೀಗಾದರೆ ಸಾವಿರ ಯಾವ ಕಾಲಕ್ಕೆ ಆಗಬೇಕು, ನೀವೇ ಹೇಳಿ. ಎರಡು ತಿಂಗಳು ಕಾಯುವ ತಾಳ್ಮೆಯಂತೂ ಅವಳ ಜಾಯಮಾನದಲ್ಲೇ ಇಲ್ಲ. ದಾರ ಬೇಕೆಂದು ಊರಾಚೆಯ ಅಂಗಡಿಗೆ ಹೋದಳು. ಗುಂಡಿ ಬೇಕೆಂದು ಇನ್ನೂ ಆಚೆ ಹೋದಳು. ಕೊನೆಗೆ ಯಾವ ನೆಪವೂ ಸಿಗದೆ ದಿನಾ ಸಂಜೆ ಹೊರವಲಯದ ರಸ್ತೆಯಲ್ಲಿ ಸುಮ್ಮನೆ ಸುತ್ತಿದಳು.

“ಏನೇ, ಊರು ಅಳೀತಿದ್ದೀಯಾ?” ಎಂದರು ಅಮ್ಮ.

“ಇಂಜಿನ್ ಪಳಗಬೇಕಮ್ಮ.”

ಮೂವತ್ತು ವರ್ಷ ಲಾರಿ ಓಡಿಸಿದ್ದ ಅಪ್ಪ ಪೇಪರಿನಿಂದ ತಲೆಯೆತ್ತಿ ಹೊರಗೆ ನಿಂತಿದ್ದ ಗಾಡಿಯತ್ತ ನೋಡಿದರು.

ಐದನೇ ವಾರ ಮೀಟರಿನಲ್ಲಿ ಸಾವಿರ ಬಿತ್ತು. ಇವತ್ತು ಮನಸ್ಸಿನಲ್ಲಿರುವುದನ್ನು ಹೇಳಿಯೇಬಿಡುವುದು ಎಂದು ಗಟ್ಟಿಮಾಡಿಕೊಂಡು ಷೋರೂಮಿನ ಗ್ಯಾರೇಜಿಗೆ ಹೊರಟಳು.

ಅವಳನ್ನು ಕಂಡದ್ದೇ ಅವನ ಮುಖ ಅರಳಿತು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದ. ಬಗ್ಗಿ ಇಂಜಿನ್ನಿನ ಕೆಳಗಿನ ಬೋಲ್ಟ್ ಮುಟ್ಟಿ ನೋಡಿದ. ಎದ್ದಾಗ ಆ ಮುಖ ಬಾಡಿತ್ತು.

“ಎಣ್ಣೆ ಆಗ್ಲೇ ಬದಲಾಯಿಸಿದ್ದೀರಲ್ಲ.”

“ಇಲ್ವಲ್ಲ...”

“ಸಾವಿರ ಓಡಿದ ಎಣ್ಣೆ ಇಷ್ಟು ತಿಳಿಯಾಗಿರಲ್ಲ. ಬೋಲ್ಟ್ ಮೇಲೆ ಸ್ಪ್ಯಾನರ್ ಗುರುತೂ ಇದೆ.” ಕಡ್ಡಿಯನ್ನು ಮೆಲ್ಲಗೆ ವಾಪಸ್ ಸಿಕ್ಕಿಸಿದ. “ನನ್ನ ಕೆಲಸದ ಮೇಲೆ ನಂಬಿಕೆ ಇಲ್ದಿದ್ರೆ ಪರ್ವಾಗಿಲ್ಲ ಮೇಡಂ. ಸುಳ್ಳು ಯಾಕೆ ಹೇಳ್ಬೇಕು?”

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಇನ್ನೊಂದು ಗಾಡಿಯತ್ತ ನಡೆದಿದ್ದ. ಅಯ್ಯೋ, ಎಷ್ಟು ಆಸೆ ಹೊತ್ತು ಬಂದಿದ್ದಳು... ಸುಳ್ಳಿ ಅನ್ನಿಸಿಕೊಂಡು ಹೋಗಬೇಕಾಯಿತಲ್ಲ! ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅತ್ತಳು.

ಮನೆಗೆ ಬಂದು ಬಿಕ್ಕುತ್ತಾ ಹೇಳಿದರೆ, ಅಪ್ಪ ಆರಾಮವಾಗಿ ಎಂದರು:

“ಅದಾ? ನಾನೇ ಇಳಿಸಿ ಹೊಸದು ಹಾಕ್ದೆ ಕಣೇ. ಐನೂರು ಆದಾಗ.”

“ಅಪ್ಪಾ...”

“ನೀನು ಮಧ್ಯಾಹ್ನ ಮಲಗಿದ್ದೆ. ಲಾರಿ ಇದ್ದಾಗ್ಲೂ ಅಷ್ಟೇ, ಹೊಸ ಇಂಜಿನ್ನಿನ ಮೊದಲ ಎಣ್ಣೆ ನಾನು ಅರ್ಧಕ್ಕೇ ಇಳಿಸ್ತಿದ್ದೆ. ನೀನು ನೋಡಿದ್ರೆ ಗಾಡೀನ ಹಿಂಗೆ ಸುತ್ತಿಸ್ತಿದ್ದೀಯ. ಪಾಪ ಅನ್ನಿಸ್ತು.”

“ನನಗೆ ಹೇಳ್ಬಾರ್ದಿತ್ತಾ?”

“ಇಷ್ಟಕ್ಕೆ ಡಂಗುರ ಹೊಡೆಸ್ಬೇಕಾ? ಎಣ್ಣೆಗೋಸ್ಕರ ಯಾರಾದ್ರೂ ಹಿಂಗೆ ಅಳ್ತಾರಾ...” ಎನ್ನುತ್ತಲೇ ಅಪ್ಪ ಮಗಳ ಮುಖ ನೋಡಿದರು. ಮೂವತ್ತು ವರ್ಷ ರಸ್ತೆ ನೋಡಿದ ಕಣ್ಣಿಗೆ ಅಷ್ಟು ಸಾಕಾಯಿತು. ಚಪ್ಪಲಿ ಮೆಟ್ಟಿದರು. “ನಡಿ.”

ಗ್ಯಾರೇಜಿನಲ್ಲಿ ಅಪ್ಪ ನೇರವಾಗಿ ಅವನ ಎದುರು ನಿಂತರು.

“ಬೈಯೋದಿದ್ರೆ ನನಗೆ ಬೈಯಪ್ಪ. ಎಣ್ಣೆ ಇಳಿಸಿದ್ದು ನಾನು. ಇವಳಿಗೆ ಗೊತ್ತೇ ಇರಲಿಲ್ಲ.”

ಅವನು ತಬ್ಬಿಬ್ಬಾದ. “ಯಾವ ಎಣ್ಣೆ ಹಾಕಿದ್ರಿ ಸರ್?”

“ಗಾಡಿ ಪುಸ್ತಕದಲ್ಲಿ ಬರೆದಿರೋದನ್ನೇ.”

“ಹಾಗಾದ್ರೆ ಇಂಜಿನ್‌ಗೆ ಏನೂ ಆಗಿಲ್ಲ. ಬೇಗ ಇಳಿಸಿದ್ದು ಒಳ್ಳೇದೇ. ತಪ್ಪು ನಂದು... ವಿಚಾರಿಸದೇ ಅಂದುಬಿಟ್ಟೆ.”

ಅಪ್ಪ “ಹೂಂ” ಎಂದು ದೂರದಲ್ಲಿ ಪೇರಿಸಿದ್ದ ಟೈರುಗಳನ್ನು ನೋಡಲು ಹೋದರು. ಟೈರಿನಲ್ಲಿ ಅಷ್ಟು ಹೊತ್ತು ನೋಡುವಂಥದ್ದೇನೂ ಇರಲಿಲ್ಲ ಬಿಡಿ.

“ಬೇರೆ ಯಾರ ಹತ್ರನೋ ಹೋಗಿದ್ರಿ ಅನ್ಕೊಂಡೆ,” ಅವನು ತಲೆ ತಗ್ಗಿಸಿಯೇ ಹೇಳಿದ. “ಹೊಟ್ಟೆ ಉರೀತು. ಐದು ವಾರದಿಂದ ಗೇಟ್ ಕಡೆನೇ ನೋಡ್ತಿದ್ದೆ ರೀ.”

ಅವಳ ಎದೆಯ ಮೇಲಿನ ಕಲ್ಲು ಯಾರೋ ಎತ್ತಿಟ್ಟಂತೆ ಆಯಿತು. ಅಳುವೂ ನಗುವೂ ಒಟ್ಟಿಗೇ ಬಂದವು.

“ಅಂಗಡಿಗೆ ಅಂತ ಓಡಿಸಿದ್ದು ನೂರು ಕಿಲೋಮೀಟರ್ ಅಷ್ಟೇ. ಉಳಿದ ಒಂಬೈನೂರು ನಿಮ್ಮನ್ನ ಬೇಗ ನೋಡೋಕೆ.”

ಅವನು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

“ಮುಂದಿನ ಎಣ್ಣೆಗೆ ಇನ್ನೂ ಮೂರು ಸಾವಿರ ಇದೆ...”

“ನನ್ನ ಕೈಲಾಗಲ್ಲಪ್ಪ. ಸುಸ್ತಾಗಿದೆ.”

“ಬೇಡ. ಭಾನುವಾರ ನಾನೇ ನಿಮ್ಮನೆಗೆ ಬರ್ತೀನಿ. ನಮ್ಮಮ್ಮನ್ನೂ ಕರ್ಕೊಂಡು.”

“ಗಾಡಿ ನೋಡೋಕಾ?”

“ಗಾಡೀನ ನಿಮ್ಮಪ್ಪ ನೋಡ್ಕೋತಾರೆ. ನಾನು ಬರೋದು ನಿಮ್ಮನ್ನ ಕೇಳೋಕೆ.”

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

“ಬೆಳಿಗ್ಗೇನೇ ಬನ್ನಿ,” ಎಂದಳು.