ಅದು ಹಾಲು ಹಲ್ಲಲ್ಲ

“ಇನ್ನೂ ದೊಡ್ಡದಾಗಿ ಬಾಯಿ ತೆಗಿ... ಹಾಂ. ಬಲಗಡೆ ಕೆಳಗೆ, ದವಡೆ ಹಲ್ಲಲ್ಲಿ ಗುಂಡಿ ಬಿದ್ದಿದೆ. ಬರ್ಕೊಳ್ಳಿ ಸಿಸ್ಟರ್, ದೊಡ್ಡ ಗುಂಡಿ.”

ಸ್ಕೂಲಿಗೆ ತಪಾಸಣೆಗೆ ಬಂದಿದ್ದ ಹಲ್ಲಿನ ಡಾಕ್ಟರ್ ಹೀಗೆಂದದ್ದೇ ತಡ, ಆರನೇ ಕ್ಲಾಸಿನ ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಬಾಯಿ ತೆರೆದು ಕೂತಿದ್ದ ಹುಡುಗಿಯ ಅಪ್ಪ ಟೈಲರ್. ಅಂಗಿಗೆ ಗುಂಡಿ ಹೊಲಿಯುವವನ ಮಗಳೆಂದು ಸ್ಕೂಲಲ್ಲಿ ಅವಳಿಗೆ ಗುಂಡಿ ಎಂದೇ ಹೆಸರು.

“ಗುಂಡಿ ಬಾಯಲ್ಲಿ ಗುಂಡಿ!” ಹಿಂದಿನಿಂದ ಯಾರೋ ಕೂಗಿದರು.

ಅವಳಿಗೆ ಸಿಟ್ಟು ನೆತ್ತಿಗೇರಿತು. ಹಲ್ಲು ಕಡಿಯೋಣವೆಂದರೆ ಅದೂ ನೋಯುತ್ತಿತ್ತು.

“ಅದು ಹಾಲು ಹಲ್ಲು ಮೇಡಂ. ತಾನಾಗೇ ಬೀಳುತ್ತೆ, ಹೊಸದು ಬರುತ್ತೆ.”

“ಯಾರು ಹೇಳಿದ್ದು?”

“ನಮ್ಮಪ್ಪ.”

ಡಾಕ್ಟರ್ ಟಾರ್ಚ್ ಆರಿಸಿದರು. “ಅಲ್ಲ ಪುಟ್ಟಿ. ಆರು ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ ಸದ್ದಿಲ್ದೆ ಹುಟ್ಟೋ ಹಲ್ಲು ಇದು. ಇದು ಬರೋಕೆ ಯಾವ ಹಲ್ಲೂ ಬೀಳ್ಬೇಕಿಲ್ಲ ನೋಡು, ಅದಕ್ಕೇ ಎಲ್ರೂ ಮೋಸಹೋಗ್ತಾರೆ. ಇದು ಹೋದ್ರೆ ಹೋಯ್ತು, ಇನ್ನೊಂದು ಬರಲ್ಲ. ನಾಳೆ ಅಪ್ಪನ ಜೊತೆ ಆಸ್ಪತ್ರೆಗೆ ಬಾ. ಉಳಿಸೋಕೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೀಳ್ಬೇಕು.”

ಗುಂಡಿ ಡಾಕ್ಟರ್ ಕೊಟ್ಟ ಚೀಟಿಯನ್ನು ಮುಷ್ಟಿಯಲ್ಲಿ ಹಿಸುಕಿಕೊಂಡು ಮನೆಗೆ ಬಂದಳು. ಎರಡು ವರ್ಷ! ಎರಡು ವರ್ಷದಿಂದ ನೋವು ನೋವು ಎಂದು ಅತ್ತಿದ್ದಳು. ಬ್ರಷ್ ತಗುಲಿದರೆ ಜುಮ್ಮೆನ್ನುತ್ತದೆಂದು ಆ ಕಡೆ ಉಜ್ಜುವುದನ್ನೇ ಬಿಟ್ಟಿದ್ದಳು. ಅದಕ್ಕೂ ಅಪ್ಪ, “ಬೀಳೋ ಹಲ್ಲಿಗೆ ಯಾಕಷ್ಟು ಉಪಚಾರ, ಬಿಡು” ಎಂದಿದ್ದ.

ಮುಂದಿನ ಕೋಣೆಯಲ್ಲೇ ಅಪ್ಪನ ಅಂಗಡಿ. ಮೆಷಿನ್ ಕಟಕಟ ಓಡುತ್ತಿತ್ತು. ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ. ಗುಂಡಿ ಚೀಟಿಯನ್ನು ಆ ಪ್ಯಾಂಟಿನ ಮೇಲೆ ಎಸೆದಳು.

“ನೀನು ಸುಳ್ಳು ಹೇಳ್ದೆ! ಅದು ಹಾಲು ಹಲ್ಲಲ್ಲ! ಈಗ ಕಿತ್ರೂ ಕೀಳ್ತಾರಂತೆ!”

“ಏಯ್, ಸೂಜಿ ಇದೆ, ಮೆಲ್ಲಗೆ...”

“ಗುಂಡಿ ಕಿತ್ತೋದ್ರೆ ಹೊಲಿದು ಕೊಡ್ತೀಯ. ನನ್ನ ಹಲ್ಲು ಹೋದ್ರೆ ಹೊಲಿದು ಕೊಡ್ತೀಯಾ?”

ಅಪ್ಪನ ಕಾಲು ಪೆಡಲಿನ ಮೇಲೆ ನಿಂತಿತು. ಚೀಟಿ ಬಿಡಿಸಿ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಬೆರಳಿನಿಂದ ತನ್ನ ಕೆನ್ನೆ ಎಳೆದು ಬಾಯಿ ತೋರಿಸಿದ. ಎರಡೂ ಕಡೆ ಅದೇ ಜಾಗ ಖಾಲಿಯಿತ್ತು.

“ನಮ್ಮಮ್ಮ ನನಗೂ ಹಾಗೇ ಹೇಳಿದ್ರು. ಹುಳುಕಾಗಿ ಪುಡಿಪುಡಿಯಾಗಿ ಹೋಯ್ತು. ಹೊಸದು ಬರುತ್ತೆ ಅಂತ ಕಾದೆ, ಕಾದೆ. ನನಗೊಬ್ಬನಿಗೇ ಬರ್ಲಿಲ್ಲ ಅಂದ್ಕೊಂಡೆ ಕಣೇ. ಯಾರನ್ನ ಕೇಳೋದು? ನಾಚಿಕೆ ಆಯ್ತು.”

ಬೈಯಲು ಗುಂಡಿ ಇನ್ನೂ ಏನೇನೋ ಜೋಡಿಸಿಕೊಂಡು ಬಂದಿದ್ದಳು. ಈಗ ಅಪ್ಪನ ಬಾಯಿಯ ಖಾಲಿ ಜಾಗವನ್ನೇ ಬಗ್ಗಿ ನೋಡಿದಳು. ಅಪ್ಪ ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಆದರೆ ಕೇಳಬಹುದಿತ್ತಲ್ಲ, ಯಾರನ್ನಾದರೂ! ನಾಚಿಕೆಯಂತೆ ನಾಚಿಕೆ!

ಅಷ್ಟರಲ್ಲಿ ಒಂದನೇ ಕ್ಲಾಸಿನ ತಂಗಿ ಒಳಗಿಂದ ಓಡಿ ಬಂದಳು. “ಅಕ್ಕಾ, ನನ್ನ ಹಲ್ಲು ಅಲ್ಲಾಡ್ತಿದೆ ನೋಡು!” ಎಂದು ಮುಂದಿನ ಹಲ್ಲನ್ನು ನಾಲಿಗೆಯಿಂದ ಕುಣಿಸಿದಳು.

ಗುಂಡಿ ಅವಳ ಗಲ್ಲ ಹಿಡಿದು ಬಾಯಿ ತೆರೆಸಿದಳು. ಕುಣಿಯುವ ಹಲ್ಲನ್ನು ನೋಡಲೇ ಇಲ್ಲ. ಎಲ್ಲಕ್ಕಿಂತ ಹಿಂದೆ, ವಸಡು ಸೀಳಿಕೊಂಡು ಬೆಳ್ಳಗೆ ಒಂದು ಮೂಲೆ ಇಣುಕುತ್ತಿತ್ತು.

“ಹಿಂದ್ಗಡೆ ಇದ್ಯಾವ ಹಲ್ಲು, ಗೊತ್ತಾ?”

“ಹಾಲು ಹಲ್ಲು! ಅದೂ ಬೀಳುತ್ತೆ. ಅಪ್ಪನೇ ಹೇಳಿದ್ದು.”

ಗುಂಡಿ ಅಪ್ಪನ ಕಡೆ ತಿರುಗಿದಳು. “ನೀನೇ ಹೇಳು ಈಗ.”

ಅಪ್ಪ ಮೆಷಿನ್ ಬಿಟ್ಟು ಎದ್ದು ಬಂದು, ತಂಗಿಯ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅದು ಬೀಳಲ್ಲ ಮಗಳೇ. ಬೀಳ್ಬಾರ್ದು. ಅಪ್ಪನಿಗೆ ಗೊತ್ತಿರ್ಲಿಲ್ಲ.”

“ಮತ್ತೆ ಯಾರಿಗೆ ಗೊತ್ತು?”

“ಅಕ್ಕನಿಗೆ.”

ಗುಂಡಿ ದಡದಡ ಬಚ್ಚಲಿಗೆ ಹೋಗಿ ತಂಗಿಯ ಬ್ರಷ್ ತಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೂ ಬ್ರಷ್ಷನ್ನು ಮೆಲ್ಲಗೆ, ಆ ಎಳೆ ವಸಡಿಗೆ ನೋವಾಗದ ಹಾಗೆ, ಹಿಂದಿನವರೆಗೂ ತಲುಪಿಸಿದಳು.